ಹತ್ತು ಜನರ ಗೋಷ್ಠಿಯಲ್ಲಿ ವೈದ್ಯ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶರಣರು ಸೇರಿದ್ದ ಮಾಸಿಕ ಗೋಷ್ಠಿಯಲ್ಲಿ ನಿವೃತ್ತ ವೈದ್ಯಕೀಯ ಅಧ್ಯಾಪಕರೊಬ್ಬರು ಆಡಿದ ಮಾತುಗಳು)

 

ವೈದ್ಯರನ್ನು ಹೇಗೆ ತಯಾರು ಮಾಡುತ್ತಾರೆ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಮೂವತ್ತು ವರ್ಷ ಪಾಠ ಹೇಳಿದವನು ನಾನು. ಅದರಲ್ಲಿ ಒಂದೇ ವಿಷಯವನ್ನು ಆರಿಸಿಕೊಂಡಿದ್ದೇನೆ. ವೈದ್ಯಕೀಯ ಕಾಲೇಜಿನಲ್ಲಿ ದೊಡ್ಡ ಹಾಲಿನಲ್ಲಿ ನೂರಾರು ಮಕ್ಕಳಿಗೆ ಒಟ್ಟಿಗೆ ಹೇಳುವ ಪಾಠ ಒಂದು ಬಗೆ. ಎಂಟು ಹತ್ತು ಮಂದಿಯನ್ನು ಸುತ್ತ ಕೂರಿಸಿಕೊಂಡು ನಡೆಸುವ ಟ್ಯುಟೋರಿಯಲ್ ಇನ್ನೊಂದು ಬಗೆ. ನಾನು ಹೇಳಹೊರಟಿರುವುದು ಈ ಎರಡನೆಯದನ್ನು. ಇದು ಕಾಲೇಜಿನವರ ವಿಷಯ, ನಮಗೇಕೆ ಎಂದು ತಮಗೆ ಅನ್ನಿಸಬಹುದು. ಮನೆಯವರೊಬ್ಬರನ್ನು ಅಪರಾತ್ರಿಯಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಇದು ತಮ್ಮ ವಿಷಯವೂ ಆಗುತ್ತದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ಬಹಳ ಹಿಂದಿನ ಮಾತು. ಒಂದು ಆಸ್ಪತ್ರೆಯಲ್ಲಿ ನಾನು ವಾರ್ಡಿನ ಹಿರಿಯ ವೈದ್ಯ. ಒಂದು ಬೆಳಗ್ಗೆ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ತಂದು ಮಲಗಿಸಿದ್ದರು. ರಾತ್ರಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದವನಿಗೆ ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಹೊಟ್ಟೆ ಒತ್ತಿ ನೋಡಿ ಔಷಧ ಬರೆದು ಮುಂದಿನ ಹಾಸಿಗೆಗೆ ಹೋದೆ. ಹುಡುಗನ ಕಣ್ಣೆವೆ ಜೋತುಬಿದ್ದಿತ್ತು. ನಿದ್ದೆಗೆಟ್ಟ ಮಂಪರು ಎಂದುಕೊಂಡೆ.

ನನ್ನ ಹಿಂದೆ ನಿಂತಿದ್ದ ಹೌಸ್ ಸರ್ಜನ್ ಹುಡುಗಿಗೆ ಅನುಮಾನ ಬಂದಿತ್ತು. ಕಟ್ಟುಹಾವು ಕಚ್ಚಿದರೆ ಅನೇಕ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಕಚ್ಚಿದ ಗುರುತು ಹುಡುಕಿದರೂ ಸಿಗದೆ ಹೋಗಬಹುದು. ಮೊದಲು ಹೊಟ್ಟೆನೋವು ಬರಬಹುದು, ಆಮೇಲೆ ಎವೆ ಜೋಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಅವಳಿಗೆ ಇದೆಲ್ಲ ಗೊತ್ತಿತ್ತು. ಆದರೆ ಹೇಳಲಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ಹುಡುಗನ ಉಸಿರು ಕ್ಷೀಣಿಸಿತು. ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದೆವು, ಹಾವಿನ ವಿಷಕ್ಕೆ ಪ್ರತಿವಿಷ ಕೊಟ್ಟೆವು. ಆರನೆಯ ದಿನ ಅವನು ತಾನಾಗಿ ಉಸಿರಾಡಿದ, ಬದುಕಿಕೊಂಡ.

ಆ ಸಂಜೆ ಅವಳನ್ನು ಕರೆದು, “ಯಾಕಮ್ಮ, ಅನುಮಾನ ಬಂದಿದ್ದರೂ ಹೇಳಲಿಲ್ಲ?” ಎಂದು ಕೇಳಿದೆ.

“ನೀವು ನೋಡಿ ಆಗಿತ್ತಲ್ಲ ಸಾರ್. ನಾನು ಹೇಳಿದ್ದು ತಪ್ಪಾದರೆ ಎಲ್ಲರೂ ನಗ್ತಾರೆ ಅಂತ ಸುಮ್ಮನಾದೆ” ಎಂದಳು.

ಕೃಷ್ಣರಾಜಪೇಟೆ ಕಡೆಯ ಹಳ್ಳಿಯ ಹುಡುಗಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಒಂದು ಇಡೀ ವರ್ಷ ನನ್ನ ಟ್ಯುಟೋರಿಯಲ್ ತಂಡದಲ್ಲೇ ಕೂತಿದ್ದವಳು. ಮನೆಗೆ ಹೋಗುವಾಗ ಎಷ್ಟು ನೆನೆಸಿಕೊಂಡರೂ ಆ ತಂಡದಲ್ಲಿ ಅವಳ ದನಿ ಕೇಳಿದ ನೆನಪೇ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಇದ್ದಳು.

ನನ್ನ ಟ್ಯುಟೋರಿಯಲ್ ಹೇಗಿತ್ತು? ಒಂದು ಗಂಟೆಯಲ್ಲಿ ಐವತ್ತು ನಿಮಿಷ ನಾನೇ ಮಾತನಾಡುತ್ತಿದ್ದೆ. ಉಳಿದ ಹತ್ತು ನಿಮಿಷ ಪ್ರಶ್ನೆ ಕೇಳುತ್ತಿದ್ದೆ. ಇಂಗ್ಲಿಷ್ ಸಲೀಸಾಗಿ ಬರುತ್ತಿದ್ದ ಇಬ್ಬರು ಮೂವರು ಉತ್ತರ ಹೇಳುತ್ತಿದ್ದರು. ಯಾರಾದರೂ ತಡವರಿಸಿದರೆ ಉಳಿದವರು ನಗುತ್ತಿದ್ದರು, ಒಮ್ಮೊಮ್ಮೆ ನಾನೂ ನಗುತ್ತಿದ್ದೆ. ಹೆಸರು ಟ್ಯುಟೋರಿಯಲ್, ನಡೆಯುತ್ತಿದ್ದುದು ಸಣ್ಣ ಕೋಣೆಯ ಭಾಷಣ. ಆ ನಗುವೇ ಅವಳ ಬಾಯಿ ಕಟ್ಟಿತ್ತು. ಅದರ ಬೆಲೆಯನ್ನು ಏನೂ ಅರಿಯದ ಒಂದು ಮಗು ತೆರಬೇಕಾಯಿತು.

ಇಂಥ ಪಾಠ ಸಾಲದು ಎಂದು ಜಗತ್ತಿನ ಬೇರೆಡೆಯೂ ಜನ ಕಂಡುಕೊಂಡಿದ್ದರು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಮೊದಲ ವಿದ್ಯಾರ್ಥಿ ತಂಡವನ್ನು ಸೇರಿಸಿಕೊಂಡ ವೈದ್ಯಕೀಯ ಶಾಲೆ, ಭಾಷಣವನ್ನು ಹಿಂದಕ್ಕೆ ಸರಿಸಿ ಒಬ್ಬ ರೋಗಿಯ ಸಮಸ್ಯೆಯನ್ನು ಸಣ್ಣ ಗುಂಪಿನ ನಡುವೆ ಇಟ್ಟಿತು. ಆ ಸಮಸ್ಯೆ ಬಿಡಿಸಲು ಏನು ಬೇಕೋ ಅದನ್ನು ಮಕ್ಕಳೇ ಹುಡುಕಿ ಓದಿ ಬರಬೇಕು. ನಮ್ಮ ದೇಶದಲ್ಲಿ 2019ರಿಂದ ಎಂಬಿಬಿಎಸ್‌ಗೆ ಬಂದ ಹೊಸ ಪಠ್ಯಕ್ರಮವೂ ಭಾಷಣದ ಪಾಠ ಒಟ್ಟು ಸಮಯದ ಮೂರನೆಯ ಒಂದು ಭಾಗವನ್ನು ಮೀರಬಾರದು ಎನ್ನುತ್ತದೆ. ಉಳಿದ ಎರಡು ಭಾಗ ಪ್ರಯೋಗ, ರೋಗಿಯ ಹಾಸಿಗೆ ಪಕ್ಕದ ಕಲಿಕೆ, ಗುಂಪು ಚರ್ಚೆಗಳಿಗೆ ಮೀಸಲು. ನಿಯಮ ಬಂದಿದೆ. ಆದರೆ ನಿಯಮ ಕುರ್ಚಿಗಳನ್ನು ಸುತ್ತ ಹಾಕಿಸಬಹುದು. ಕೂತವರ ಬಾಯಿ ತೆರೆಸುವುದು ಗುರುವಿನ ಕೈಯಲ್ಲಿದೆ.

ಆ ಹುಡುಗನ ಘಟನೆಯಾದ ಮೇಲೆ ನಾನು ಬದಲಾಯಿಸಿಕೊಂಡ ರೀತಿಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ.

ತಂಡದ ಮುಂದೆ ಇಷ್ಟನ್ನು ಇಡುತ್ತಿದ್ದೆ: ಪಾಂಡವಪುರದ ಕಡೆ ನಾಲೆ ಬಯಲಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ ಪಾದಕ್ಕೆ ಏನೋ ಕಚ್ಚಿದೆ. ಕಾಲು ಊದಿದೆ, ವಸಡಿನಲ್ಲಿ ರಕ್ತ ಜಿನುಗುತ್ತಿದೆ. ನೀವು ಸಣ್ಣ ಆಸ್ಪತ್ರೆಯಲ್ಲಿ ಒಬ್ಬರೇ ಇದ್ದೀರಿ. ಏನು ಮಾಡುತ್ತೀರಿ?

ಒಬ್ಬ ಕೊಳಕುಮಂಡಲ ಇರಬಹುದು ಎನ್ನುತ್ತಾನೆ. ಹೇಗೆ ಹೇಳುತ್ತೀ ಎಂದು ಇನ್ನೊಬ್ಬಳು ಕೇಳುತ್ತಾಳೆ. ಆಗ ಇಪ್ಪತ್ತು ನಿಮಿಷದ ಪರೀಕ್ಷೆಯ ಮಾತು ಬರುತ್ತದೆ. ರೋಗಿಯ ರಕ್ತವನ್ನು ಸ್ವಲ್ಪವೇ ತೆಗೆದು ಗಾಜಿನ ಕೊಳವೆಯಲ್ಲಿ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಾಗಿಸಿ ನೋಡುವುದು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿದೆ ಎಂದರ್ಥ. ಭಾಷಣದಲ್ಲಿ ಇದು ಒಂದು ಸಾಲು. ಗುಂಪಿನಲ್ಲಿ ಮೂಲೆಯಲ್ಲಿದ್ದವನು, “ಗಾಜೇ ಯಾಕೆ? ಪ್ಲಾಸ್ಟಿಕ್ ಕೊಳವೆ ಆಗಲ್ವಾ?” ಎನ್ನುತ್ತಾನೆ. ಉತ್ತರ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದ ನಾನೂ ಹೇಳುತ್ತಿರಲಿಲ್ಲ. ಮುಂದಿನ ವಾರ ಅವರೇ ಹುಡುಕಿಕೊಂಡು ಬರುತ್ತಿದ್ದರು: ಗಾಜು ತಗುಲಿದರೆ ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಸಿಗುತ್ತದೆ, ಪ್ಲಾಸ್ಟಿಕ್‌ನಲ್ಲಿ ಹಾಗಾಗುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಕೊಳವೆಯೂ ತಪ್ಪು ಉತ್ತರ ಕೊಡಬಹುದು. ಆದ್ದರಿಂದ ಹೊಸದಾದ, ಒಣಗಿದ ಗಾಜಿನ ಕೊಳವೆಯೇ ಬೇಕು. ತಾನೇ ಕೇಳಿ ತಾನೇ ಹುಡುಕಿದ್ದನ್ನು ಆ ಮಗು ಜನ್ಮದಲ್ಲಿ ಮರೆಯುವುದಿಲ್ಲ.

ನಾನು ಇಟ್ಟುಕೊಂಡ ಕಟ್ಟಳೆಗಳು ಕೆಲವೇ. ತಂಡದಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಬೇಡ. ಪ್ರತಿ ವಾರ ಒಬ್ಬೊಬ್ಬರು ಗೋಷ್ಠಿ ನಡೆಸಬೇಕು. ಎಲ್ಲರೂ ಒಮ್ಮೆ ಮಾತನಾಡುವವರೆಗೆ ಯಾರೂ ಎರಡನೆಯ ಸಲ ಮಾತನಾಡಬಾರದು. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲೇ ಹೇಳಬಹುದು, ಇಂಗ್ಲಿಷ್ ಪದ ಆಮೇಲೆ ಕೂಡಿಸಿಕೊಳ್ಳೋಣ. ಗೊತ್ತಿಲ್ಲ ಎನ್ನುವುದು ತಪ್ಪಲ್ಲ, ಮುಂದಿನ ವಾರವೂ ಗೊತ್ತಿಲ್ಲ ಎನ್ನುವುದು ತಪ್ಪು. ಯಾರೂ ನಗಬಾರದು, ಗುರುವಂತೂ ನಗಲೇಬಾರದು. ಎಲ್ಲಕ್ಕಿಂತ ಕಷ್ಟವಾದದ್ದು ನನಗೇ ಹಾಕಿಕೊಂಡ ಕಟ್ಟಳೆ: ಸುಮ್ಮನಿರುವುದು. ಮೌನ ಕವಿದಾಗ ನಾಲಗೆ ತುರಿಸುತ್ತದೆ. ತಡೆದುಕೊಂಡರೆ ಆ ಮೌನದಲ್ಲೇ ಯಾರೋ ಒಬ್ಬರು ಬಾಯಿ ತೆರೆಯುತ್ತಾರೆ.

ಇದಕ್ಕೆ ಅಧ್ಯಾಪಕರು ಹೆಚ್ಚು ಬೇಕು, ಕೋಣೆಗಳು ಬೇಕು, ಸಮಯ ಬೇಕು. 150 ಮಕ್ಕಳಿಗೆ ಹದಿನೈದು ತಂಡ ಮಾಡುವುದು ಸುಲಭವಲ್ಲ. ಭಾಷಣದ ಪಾಠವನ್ನು ಕೈಬಿಡಬೇಕು ಎಂದೂ ನಾನು ಹೇಳುವುದಿಲ್ಲ. ಒಂದು ವಿಷಯದ ಒಟ್ಟು ನಕ್ಷೆ ಕೊಡಲು ಒಳ್ಳೆಯ ಭಾಷಣ ಬೇಕೇ ಬೇಕು. ಆದರೆ ನಕ್ಷೆ ನೋಡಿದ ಮಾತ್ರಕ್ಕೆ ಊರು ಸೇರಿದಂತಾಗುವುದಿಲ್ಲ.

ಈ ಸಭೆಯಲ್ಲಿ ನಿಂತು ಇದನ್ನು ಹೇಳುವಾಗ ಕಲ್ಯಾಣದ ನೆನಪು ಬಾರದೆ ಇರದು. ಅನುಭವ ಮಂಟಪದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ವೈದ್ಯ ಸಂಗಣ್ಣ ಇವರೆಲ್ಲ ತಮ್ಮ ತಮ್ಮ ಕಾಯಕದ ಅನುಭವದಿಂದಲೇ ಮಾತನಾಡಿದರು. ಶೂನ್ಯಸಂಪಾದನೆ ಆ ಶರಣರ ಮಾತನ್ನು ಸಂವಾದವಾಗಿಯೇ ಕಟ್ಟಿಕೊಟ್ಟಿದೆ. ಅದರಲ್ಲಿ ಅಲ್ಲಮಪ್ರಭುಗಳು ಎಳೆಯ ವಯಸ್ಸಿನ ಅಕ್ಕಮಹಾದೇವಿಯನ್ನು ಎಷ್ಟು ಕಟುವಾಗಿ ಪ್ರಶ್ನಿಸುತ್ತಾರೆ! ಅಕ್ಕ ಅಂಜದೆ ಉತ್ತರ ಕೊಡುತ್ತಾರೆ. ಆ ಉತ್ತರಕ್ಕೆ ಪ್ರಭುದೇವರು ತಲೆಬಾಗುತ್ತಾರೆ. ಎಲ್ಲವೂ ನಮ್ಮಲ್ಲೇ ಮೊದಲಿತ್ತು ಎಂದು ಬೀಗಲು ಇದನ್ನು ಹೇಳುತ್ತಿಲ್ಲ. ಇಂಥ ಪರಂಪರೆಯ ಹೆಸರು ಹೇಳುವ ನಾನೇ ನನ್ನ ಕೋಣೆಯಲ್ಲಿ ಒಬ್ಬ ಹುಡುಗಿಗೆ ಮಾತನಾಡಲು ಜಾಗ ಕೊಡಲಿಲ್ಲವಲ್ಲ ಎಂಬ ನಾಚಿಕೆಯಿಂದ ಹೇಳುತ್ತಿದ್ದೇನೆ.

ಈಗ ತಮ್ಮಲ್ಲಿ ಮೂರು ಬಿನ್ನಹ.

ಮಠದ ವಿದ್ಯಾರ್ಥಿನಿಲಯಗಳಲ್ಲಿ ವಾರಕ್ಕೊಂದು ಸಂಜೆ ಹತ್ತು ಹತ್ತು ಮಕ್ಕಳ ಗೋಷ್ಠಿ ನಡೆಸಿ. ಗಣಿತವಾಗಲಿ, ವಿಜ್ಞಾನವಾಗಲಿ, ಒಂದು ಸಮಸ್ಯೆ ಕೊಟ್ಟು ಹಿರಿಯರು ಸುಮ್ಮನೆ ಕೂರಿ. ಮುಂದೆ ವೈದ್ಯರಾಗುವವರ ಬಾಯಿ ಇಲ್ಲೇ ತೆರೆಯಲಿ.

ಈಗ ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಆರೋಗ್ಯ ವಿಚಾರಿಸುವ ಕಾರ್ಯಕ್ರಮವೂ ಓದಿನ ಭಾಗವಾಗಿದೆ. ಅವರು ನಿಮ್ಮ ಜಗಲಿಗೆ ಬಂದರೆ ನೀರು, ಮಜ್ಜಿಗೆ ಕೊಟ್ಟು ಕಳಿಸಿಬಿಡಬೇಡಿ. ಕೂರಿಸಿಕೊಂಡು ನಿಮ್ಮ ಕಷ್ಟ ಹೇಳಿ, ಪ್ರಶ್ನೆ ಕೇಳಿ. ನಿಮ್ಮ ಜಗಲಿಯೂ ಅವರಿಗೆ ಒಂದು ಟ್ಯುಟೋರಿಯಲ್.

ಮೂರನೆಯದು ಆಸ್ಪತ್ರೆಯದು. ಮಂಡ್ಯಕ್ಕೆ ಹೋಗಿ, ಬೆಳ್ಳೂರಿಗೆ ಹೋಗಿ, ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ, ಹಾಸಿಗೆಯ ಸುತ್ತ ಹತ್ತು ವಿದ್ಯಾರ್ಥಿಗಳು ಬಂದು ನಿಲ್ಲುತ್ತಾರೆ. ಬೇಸರಪಟ್ಟುಕೊಳ್ಳಬೇಡಿ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಒಪ್ಪಿದರೆ ಮಾತ್ರ ಮನಸ್ಸು ಬಿಚ್ಚಿ ಮಾತನಾಡಿ. ಅವರಲ್ಲಿ ಹಿಂದೆ ನಿಂತ, ಬಾಯಿ ಬಿಡದ ಮಗುವನ್ನು ನೋಡಿ, “ನೀನೂ ಕೇಳಮ್ಮ” ಅನ್ನಿ.

ಆ ಹೌಸ್ ಸರ್ಜನ್ ಹುಡುಗಿ ಈಗ ಹಿರಿಯ ವೈದ್ಯೆ, ತಾನೂ ಪಾಠ ಹೇಳುತ್ತಾಳೆ. ಒಮ್ಮೆ ಅವಳ ತಂಡವನ್ನು ನೋಡಲು ಹೋಗಿದ್ದೆ. ಒಬ್ಬ ಹುಡುಗ ಎದ್ದು, “ಮೇಡಂ, ನೀವು ಹೇಳಿದ್ದು ಸರಿಯಿಲ್ಲ ಅನ್ಸುತ್ತೆ” ಎಂದ. ಯಾರೂ ನಗಲಿಲ್ಲ. “ಯಾಕಪ್ಪ, ಹೇಳು” ಎಂದಳು. ನನ್ನ ಮೂವತ್ತು ವರ್ಷದ ದುಡಿಮೆಗೆ ಅಷ್ಟು ಸಾಕು ಅನ್ನಿಸಿತು.