ಅಳೆದು ಕೊಡುವ ಉಸಿರು



ಐಸಿಯುವಿನಲ್ಲಿ ಹುಡುಗಿಯೊಬ್ಬಳು ಟೇಪು ಹಿಡಿದು, ಪ್ರಜ್ಞೆಯಿಲ್ಲದ ರೋಗಿಯನ್ನು ತಲೆಯಿಂದ ಹಿಮ್ಮಡಿಯವರೆಗೆ ಅಳೆಯುತ್ತಿದ್ದರೆ, ದರ್ಜಿಯ ಕೆಲಸ ಇಲ್ಲೇಕೆ ಎಂದುಕೊಳ್ಳಬೇಡಿ. ಆಕೆ ರೆಸ್ಪಿರೇಟರಿ ಥೆರಪಿಸ್ಟ್. ವೆಂಟಿಲೇಟರು ಒಂದೊಂದು ಉಸಿರಿಗೆ ಎಷ್ಟು ಗಾಳಿ ಊದಬೇಕೆಂದು ಲೆಕ್ಕ ಹಾಕುತ್ತಿದ್ದಾಳೆ. ಅದಕ್ಕೆ ಬೇಕಾದದ್ದು ಎತ್ತರ. ಮೈ ದಪ್ಪಗಾದಂತೆಲ್ಲ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ! 160 ಸೆಂ.ಮೀ. ಎತ್ತರದ ಹೆಂಗಸು 90 ಕಿಲೋ ತೂಗಿದರೂ, ಎತ್ತರದಿಂದ ತೂಕ ಅಂದಾಜಿಸುವ ಸೂತ್ರ ಹಿಡಿಯುವುದು ಸುಮಾರು 52 ಕಿಲೋ ಮಾತ್ರ. ಕಿಲೋಗೆ 6 ಮಿ.ಲೀ. ಎಂದರೆ 310ರ ಆಸುಪಾಸು. ತಕ್ಕಡಿಯನ್ನು ನಂಬಿದರೆ 540! ಮೊದಲೇ ಜರ್ಜರಿತವಾದ ಶ್ವಾಸಕೋಶ ಅಷ್ಟನ್ನು ತಾಳದು. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 861 ರೋಗಿಗಳಿದ್ದರು. ಕಿಲೋಗೆ 12 ಮಿ.ಲೀ. ಪಡೆದವರಲ್ಲಿ ಶೇ. 40ರಷ್ಟು ಮಂದಿ ತೀರಿಕೊಂಡರು. 6 ಪಡೆದವರಲ್ಲಿ ಶೇ. 31.

ರೋಗಿಗೆ ಉಸಿರು ಊದುವ ಈ ಕೆಲಸ ಹಿಂದೆ ಬರಿಗೈಯಲ್ಲೇ ನಡೆದದ್ದುಂಟು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹರಡಿದಾಗ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಕೂತು, ರಬ್ಬರ್ ಚೀಲ ಹಿಸುಕಿ ಹಗಲಿರುಳು ರೋಗಿಗಳಿಗೆ ಉಸಿರು ಕೊಟ್ಟರು.

ಈಗ ಇದಕ್ಕೊಂದು ಪದವಿಯೇ ಇದೆ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ಓದಿರಬೇಕು. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಇದರ ಹೆಸರು ರೆಸ್ಪಿರೇಟರಿ ಕೇರ್ ಟೆಕ್ನಾಲಜಿ. ಮಣಿಪಾಲದಲ್ಲಿ ರೆಸ್ಪಿರೇಟರಿ ಥೆರಪಿ. ಅಮೆರಿಕದಲ್ಲಾದರೆ ಓದು ಮುಗಿಸಿ ರಾಷ್ಟ್ರಮಟ್ಟದ ಪರೀಕ್ಷೆ ಗೆದ್ದವರಿಗೇ 'ಸರ್ಟಿಫೈಡ್' ಎಂಬ ಮುದ್ರೆ. ಆ ಪರೀಕ್ಷೆಗೆ ಅಲ್ಲಿನ ಮಾನ್ಯತೆ ಪಡೆದ ಕೋರ್ಸು ಬೇಕು. ಇಲ್ಲಿಯ ಪದವಿಯನ್ನೇ ನೆಚ್ಚಿಕೊಂಡು ವಿಮಾನದ ಟಿಕೆಟ್ ತೆಗೆಯಬೇಡಿ.

ಪಾಠ ತಲೆಗೆ ಹತ್ತುವುದು ಮಾತ್ರ ಇಂಟರ್ನ್‌ಶಿಪ್ಪಿನಲ್ಲಿ. ನಡುರಾತ್ರಿ ಅಲಾರಾಂ ಬಡಿದುಕೊಳ್ಳುತ್ತದೆ. ಕಫ ಕಟ್ಟಿದರೂ ಅದೇ ಸದ್ದು, ಕೊಳವೆ ಮಡಚಿಕೊಂಡರೂ ಅದೇ ಸದ್ದು, ರೋಗಿ ಕೆಮ್ಮಿದರೂ ಅದೇ. ಹೊಸಬರು ಪರದೆಯತ್ತ ಓಡುತ್ತಾರೆ. ಪಳಗಿದವರು ಮೊದಲು ನೋಡುವುದು ರೋಗಿಯ ಎದೆಯನ್ನು: ಎರಡೂ ಕಡೆ ಏಳುತ್ತಿದೆಯೇ, ತುಟಿ ನೀಲಿಗಟ್ಟಿದೆಯೇ? ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯುವುದನ್ನೂ ಇಲ್ಲೇ ಕಲಿಯಬೇಕು. ಅದು ಕಣ್ಣಿಗೆ ಕಾಣದು, ಬೆರಳ ತುದಿಗೆ ಮಿಡಿತವಾಗಿಯಷ್ಟೇ ಸಿಗುತ್ತದೆ.

ಹಾಗಾಗಿ ಪೋಷಕರಲ್ಲಿ ಒಂದು ಮಾತು. ಶುಲ್ಕ ಕಟ್ಟುವ ಮೊದಲು ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂದು ವಿಚಾರಿಸಿ. ಜೊತೆಗೆ, ಅದರ ಆಸ್ಪತ್ರೆಯಲ್ಲಿ ಐಸಿಯು ಹಾಸಿಗೆಗಳೆಷ್ಟು, ನಿತ್ಯ ನಡೆಯುವ ವೆಂಟಿಲೇಟರುಗಳೆಷ್ಟು ಎಂದು ಖುದ್ದಾಗಿ ಹೋಗಿ ನೋಡಿ ಬನ್ನಿ.