ಒಂದು ಕಷ್ಟ, ಐದು ಕಪಾಟು



ಓದುವ ಹವ್ಯಾಸ ಇದೆ ಅಂತ ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳ್ತಾರೆ. ಒಂದು, "ವರ್ಷಕ್ಕೆ ಎಷ್ಟು ಪುಸ್ತಕ ಓದ್ತೀರಿ?" ಇನ್ನೊಂದು, "ಅದರಿಂದ ಏನು ಉಪಯೋಗ ಆಯ್ತು?" ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಲೆಕ್ಕ ಇಟ್ಟಿಲ್ಲ. ಎರಡನೆಯದಕ್ಕೆ ಉತ್ತರ ಹೇಳೋಣ ಅಂತ ಇವತ್ತು ಬಂದಿದ್ದೇನೆ.

ಪುಸ್ತಕದಿಂದ ಉತ್ತರ ಸಿಗುತ್ತದೆ ಅಂತ ಸಾಮಾನ್ಯವಾಗಿ ಹೇಳ್ತಾರೆ. ನನಗೆ ಹೆಚ್ಚಾಗಿ ಸಿಕ್ಕಿದ್ದು ಪ್ರಶ್ನೆ. ಗಣಿತದ ಪುಸ್ತಕ ಒಂದು ಬಗೆಯ ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಸುತ್ತದೆ, ಕಾದಂಬರಿ ಇನ್ನೊಂದು ಬಗೆಯದನ್ನು, ಆತ್ಮಕಥೆ ಮತ್ತೊಂದನ್ನು. ಒಂದೇ ಬಗೆ ಓದುವವರ ಕೈಯಲ್ಲಿ ಒಂದೇ ಪ್ರಶ್ನೆ ಇರುತ್ತದೆ. ಬದುಕಿನಲ್ಲಿ ಕಷ್ಟ ಬಂದಾಗ ಅದೊಂದೇ ಸಾಲುವುದಿಲ್ಲ.

ಇದನ್ನು ಸುಮ್ಮನೆ ಹೇಳಿದರೆ ಉಪದೇಶ ಆಗುತ್ತದೆ. ಹಾಗಾಗಿ ನಿಜವಾದ ಒಂದು ಕಷ್ಟ ಇಟ್ಟುಕೊಂಡು, ಐದು ಪುಸ್ತಕಗಳು ಅದಕ್ಕೆ ಯಾವ ಪ್ರಶ್ನೆ ಕೇಳಿದವು ಅಂತ ಹೇಳ್ತೀನಿ.

ಎರಡು ವರ್ಷದ ಹಿಂದೆ ಪುಣೆಯಲ್ಲಿ ನಾನಿದ್ದ ಕಂಪನಿಯಲ್ಲಿ ಲೇಆಫ್ ಆಯಿತು. ನಮ್ಮ ತಂಡದ ಹನ್ನೊಂದು ಜನರಲ್ಲಿ ಆರು ಜನರ ಕೆಲಸ ಹೋಯಿತು, ಆ ಆರರಲ್ಲಿ ನಾನೂ ಒಬ್ಬ. ಹನ್ನೆರಡು ನಿಮಿಷದ ವಿಡಿಯೊ ಕಾಲ್. ಸಂಜೆಯೊಳಗೆ ಲ್ಯಾಪ್‌ಟಾಪ್ ಲಾಕ್. ಮನೆ ಸಾಲದ ಇಎಂಐ ನಡೀತಾ ಇತ್ತು, ಮಗಳು ಯುಕೆಜಿ. ಕೈಯಲ್ಲಿ ಎರಡು ತಿಂಗಳ ಪರಿಹಾರದ ಸಂಬಳ, ಒಂದಿಷ್ಟು ಉಳಿತಾಯ. ಐಟಿಯಲ್ಲಿರುವ ನಿಮ್ಮಲ್ಲಿ ಅನೇಕರಿಗೆ ಈ ಚಿತ್ರ ಹೊಸದಲ್ಲ. ಹೈದರಾಬಾದಿನಲ್ಲಿರಲಿ, ಚೆನ್ನೈನಲ್ಲಿರಲಿ, ಪಕ್ಕದ ಸೀಟಿನಲ್ಲಿ ನೋಡಿಯೇ ಇರ್ತೀರಿ.

ಮೊದಲನೆಯದು ಗಣಿತದ ಕಪಾಟು.

ಕೆಲಸ ಹೋದ ವಾರದಲ್ಲೇ ಸ್ನೇಹಿತರು ಕಳಿಸುವ ಲಿಂಕುಗಳು ಶುರುವಾದವು. ಕೆಲಸ ಕಳೆದುಕೊಂಡಿದ್ದೇ ವರ ಆಯ್ತು, ಸ್ಟಾರ್ಟ್‌ಅಪ್ ಮಾಡಿದೆ, ಗೆದ್ದೆ, ಇಂಥವು. ಹಳೆಯ ಸಹೋದ್ಯೋಗಿ ಒಬ್ಬ "ಇಬ್ಬರೂ ಸೇರಿ ಏನಾದ್ರೂ ಶುರು ಮಾಡೋಣ, ಪಿಎಫ್ ತೆಗೆದು ಹಾಕೋಣ" ಅಂದ. ಜೋರ್ಡನ್ ಎಲೆನ್‌ಬರ್ಗ್ ಎಂಬ ಗಣಿತ ಪ್ರಾಧ್ಯಾಪಕರ 'ಹೌ ನಾಟ್ ಟು ಬಿ ರಾಂಗ್' (2014) ನನಗೆ ನೆನಪಾಗಿದ್ದು ಆಗ. ಅದರ ಆರಂಭದಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರ ಕಥೆ ಬರುತ್ತದೆ. ನಾಜಿಗಳ ಕಾಲದಲ್ಲಿ ವಿಯೆನ್ನಾ ಬಿಟ್ಟು ಅಮೆರಿಕ ಸೇರಿದವರು. ಎರಡನೇ ಮಹಾಯುದ್ಧದಲ್ಲಿ ಅವರ ಮುಂದೆ ಬಂದ ಸಮಸ್ಯೆ ಇದು: ಹಾರಾಟ ಮುಗಿಸಿ ಮರಳಿದ ವಿಮಾನಗಳಲ್ಲಿ ಗುಂಡಿನ ತೂತು ಮೈಮೇಲೆ ಜಾಸ್ತಿ, ಎಂಜಿನ್ ಹತ್ತಿರ ಕಡಿಮೆ. ಹಾಗಾದರೆ ಉಕ್ಕಿನ ಕವಚ ಎಲ್ಲಿ ಹಾಕಬೇಕು? ತೂತು ಜಾಸ್ತಿ ಇರುವ ಕಡೆ ಅಂತ ಯಾರಿಗಾದರೂ ಅನ್ನಿಸುತ್ತದೆ. ವಾಲ್ಡ್ ಎಂಜಿನ್‌ಗೆ ಹಾಕಿ ಅಂದರು. ಎಂಜಿನ್‌ಗೆ ಗುಂಡು ಬಿದ್ದ ವಿಮಾನಗಳು ಮರಳಿ ಬಂದೇ ಇರಲಿಲ್ಲ, ಅದಕ್ಕೇ ಅಲ್ಲಿ ತೂತು ಕಾಣುತ್ತಿರಲಿಲ್ಲ. ಇದೇ ವಾಲ್ಡ್ 1950ರಲ್ಲಿ ಉಪನ್ಯಾಸ ಕೊಡಲು ಭಾರತಕ್ಕೆ ಬಂದಾಗ ನೀಲಗಿರಿಯಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡರು.

ಈ ಪುಸ್ತಕದ ಪ್ರಶ್ನೆ: ಮರಳಿ ಬಾರದ ವಿಮಾನಗಳು ಎಲ್ಲಿ?

ಗೆದ್ದವರ ವಿಡಿಯೊ ನನಗೆ ತಾನಾಗಿ ಬರ್ತಾ ಇತ್ತು. ಸೋತವರನ್ನು ನಾನೇ ಹುಡುಕಬೇಕಿತ್ತು. ಪರಿಚಯದವರ ಮೂಲಕ, ಕಂಪನಿ ಶುರು ಮಾಡಿ ಮುಚ್ಚಿದ ಮೂವರನ್ನು ಹುಡುಕಿ ಮಾತಾಡಿದೆ. ಮೂವರೂ ಬೇರೆ ಬೇರೆ ವ್ಯವಹಾರ ಮಾಡಿದವರು. ಆದರೆ ಹೇಳಿದ್ದು ಹೆಚ್ಚೂ ಕಡಿಮೆ ಒಂದೇ: ವಸ್ತು ಮಾರಾಟಕ್ಕೆ ತಯಾರಾಗುವ ಮೊದಲು ಮನೆ ಖರ್ಚಿನ ದುಡ್ಡು ಮುಗಿದು ಹೋಯಿತು. ನನ್ನ ಉಳಿತಾಯಕ್ಕೆ ಎಷ್ಟು ತಿಂಗಳ ಆಯುಸ್ಸು ಅಂತ ಹೆಂಡತಿ, ನಾನು ಕೂತು ಲೆಕ್ಕ ಹಾಕಿದೆವು. ಏಳು ತಿಂಗಳು. ಪಿಎಫ್ ಮುಟ್ಟಲಿಲ್ಲ. ಸ್ಟಾರ್ಟ್‌ಅಪ್ ಮಾಡಬೇಡಿ ಅಂತ ನಾನು ಹೇಳ್ತಾ ಇಲ್ಲ. ಮಾಡುವ ಮೊದಲು ಕಾಣದ ವಿಮಾನ ಎಣಿಸಿ ಅಂತ ಅಷ್ಟೇ.

ಎರಡನೆಯದು ನಮ್ಮದೇ ವೃತ್ತಿಯ ಕಪಾಟು.

ಫ್ರೆಡ್ ಬ್ರೂಕ್ಸ್ ಅವರ 'ದಿ ಮಿಥಿಕಲ್ ಮ್ಯಾನ್-ಮಂತ್' 1975ರ ಪುಸ್ತಕ. ಐಬಿಎಂನಲ್ಲಿ ಒಎಸ್/360 ಎಂಬ ದೊಡ್ಡ ಪ್ರಾಜೆಕ್ಟ್ ನಡೆಸಿದ ಅನುಭವದಿಂದ ಬರೆದದ್ದು. ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನ ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬ ಮಾತು ಪ್ರಸಿದ್ಧವಾಗಿದ್ದು ಈ ಪುಸ್ತಕದಿಂದ. ಹೊಸಬರಿಗೆ ಕಲಿಸುವ ಹೊತ್ತು ಒಂದು ಕಾರಣ. ಜನ ಹೆಚ್ಚಾದಂತೆ ಅವರ ನಡುವಿನ ಮಾತುಕತೆಯ ದಾರಿಗಳು ಅದಕ್ಕಿಂತ ಬೇಗ ಹೆಚ್ಚುತ್ತವೆ ಅನ್ನುವುದು ಇನ್ನೊಂದು. ಮೂರು ಜನರಿಗೆ 3 ದಾರಿ, ಐದು ಜನರಿಗೆ 10, ಹತ್ತು ಜನರಿಗೆ 45.

ಇದನ್ನು ಆಫೀಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮನೆಗೂ ಅನ್ವಯಿಸುತ್ತದೆ ಅಂತ ಅನ್ನಿಸಿದ್ದು ಆ ದಿನಗಳಲ್ಲಿ. ಹೆಂಡತಿ ಕಡೆಯ ಫ್ಯಾಮಿಲಿ ಗ್ರೂಪಿನಲ್ಲಿ ಹತ್ತು ಜನ. ವಿಷಯ ಹೋದ ದಿನವೇ ಷಡ್ಡಕ "ಕೆನಡಾಕ್ಕೆ ಹಾಕಿ" ಅಂದರು, ಅತ್ತೆ "ಬೆಂಗಳೂರಿಗೆ ಬಂದುಬಿಡಿ" ಅಂದರು, ಮಾವ ಜಾತಕ ತೋರಿಸಿದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಬೇರೆಯಾಗಿ ತಲುಪಿ, ಅದನ್ನು ಸರಿಪಡಿಸುವುದೇ ನಮ್ಮ ಅರ್ಧ ದಿನದ ಕೆಲಸವಾಯಿತು. ಬ್ರೂಕ್ಸ್ ಕೇಳುವ ಪ್ರಶ್ನೆ: ಇನ್ನೊಬ್ಬರು ಸೇರಿದರೆ ಕೆಲಸ ಹಗುರಾಗುತ್ತದೋ, ಮಾತು ಹೆಚ್ಚುತ್ತದೋ? ನಾವು ಮೂರೇ ಜನರ ತಂಡ ಮಾಡಿಕೊಂಡೆವು: ನಾನು, ಹೆಂಡತಿ, ಕೆಲಸ ಹುಡುಕಲು ನೆರವಾಗುತ್ತಿದ್ದ ಒಬ್ಬ ಹಳೆಯ ಸೀನಿಯರ್. ಉಳಿದವರಿಗೆ ವಾರಕ್ಕೊಂದು ಸುದ್ದಿ, ಅದೂ ಹೆಂಡತಿಯಿಂದ ಮಾತ್ರ.

ಮೂರನೆಯದು ಕಾದಂಬರಿ.

ಯಶವಂತ ಚಿತ್ತಾಲರ 'ಶಿಕಾರಿ', 1979ರದ್ದು. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು. ಮುಂಬೈಯಲ್ಲಿ ಪ್ಲಾಸ್ಟಿಕ್, ರಾಳಗಳ ಉದ್ಯಮದಲ್ಲಿ ತಂತ್ರಜ್ಞರಾಗಿ ಕೆಲಸ ಮಾಡುತ್ತಲೇ ಬರೆದವರು. ಅಂದರೆ ನಮ್ಮ ಹಾಗೆಯೇ, ಊರು ಬಿಟ್ಟು ಬಂದು ಕಂಪನಿಯಲ್ಲಿ ದುಡಿದ ಕನ್ನಡಿಗ. ಕಾದಂಬರಿಯ ನಾಯಕ ನಾಗಪ್ಪ ಮುಂಬೈಯ ದೊಡ್ಡ ಕಂಪನಿಯಲ್ಲಿ ಅಧಿಕಾರಿ. ಒಂದು ದಿನ ಅವನನ್ನು ಸಸ್ಪೆಂಡ್ ಮಾಡುತ್ತಾರೆ. ತನ್ನ ಮೇಲಿನ ಆರೋಪ ಏನು, ಹಿಂದೆ ಯಾರಿದ್ದಾರೆ ಅನ್ನುವುದೂ ಅವನಿಗೆ ಸರಿಯಾಗಿ ಗೊತ್ತಿಲ್ಲ. ಎಲ್ಲರ ಮೇಲೂ ಅನುಮಾನ, ಎಲ್ಲ ನೆನಪುಗಳಲ್ಲೂ ಭಯ.

ಕೆಲಸ ಹೋದ ಮೇಲೆ ಈ ಕಾದಂಬರಿಯನ್ನು ಎರಡನೇ ಸಲ ಓದಿದೆ. ಮೊದಲ ಸಲ ಓದಿದಾಗ ಎಂಟೆಕ್ ವಿದ್ಯಾರ್ಥಿ, ಆಗ ಕಂಪನಿ ರಾಜಕೀಯದ ಕಥೆಯಾಗಿ ಕಂಡಿತ್ತು. ಈ ಸಲ ಓದುವಾಗ ನಾನೂ ರಾತ್ರಿ ಮಲಗಿ ಎಣಿಸುತ್ತಿದ್ದೆ: ಮ್ಯಾನೇಜರ್‌ಗೆ ಮೊದಲೇ ಗೊತ್ತಿತ್ತಾ, ಉಳಿದ ಐದು ಜನರಲ್ಲಿ ಯಾರು ಏನು ಹೇಳಿರಬಹುದು ಅಂತ. ಶಿಕಾರಿ ಕೇಳಿದ ಪ್ರಶ್ನೆ: ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿರುವುದು ಹೊರಗಿನವರೋ, ನಿನ್ನೊಳಗಿನ ಭಯವೋ? ಹುದ್ದೆಯ ಹೆಸರು ಕಿತ್ತುಹಾಕಿದರೆ ಉಳಿಯುವವನು ಯಾರು?

ಸುಲಭದ ಪ್ರಶ್ನೆಯಲ್ಲ. ಹುದ್ದೆ ಇಲ್ಲದಿದ್ದರೂ ನಾನು ಯಾರದೋ ಮಗ ತಾನೇ ಅಂತ ಯೋಚಿಸಿ, ಪುಸ್ತಕ ಮುಗಿದ ದಿನ ದಾವಣಗೆರೆಗೆ ಫೋನ್ ಮಾಡಿದೆ. ಅಪ್ಪಾಜಿಗೆ ಹೇಳಿದೆ.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಅದಕ್ಕೇನಾತು ಬಿಡಪ್ಪ. ನಮ್ಮ ಮಿಲ್ ಬಂದ್ ಆದಾಗ ನೀನು ಒಂದನೇ ಕ್ಲಾಸು. ಒಂದು ತಿಂಗಳು ನಾನು ದಿನಾ ಡಬ್ಬಿ ತಗಂಡು ಮನೆಯಿಂದ ಹೊರಡ್ತಿದ್ದೆ. ನಿಮ್ಮಮ್ಮಂಗೂ ಹೇಳಿರ್ಲಿಲ್ಲ" ಅಂದರು.

"ಎಲ್ಲಿಗೆ ಹೋಗ್ತಿದ್ರಿ ಅಪ್ಪಾಜಿ?"

"ರೈಲ್ವೆ ಸ್ಟೇಷನ್ನಿಗೆ. ಬೆಂಚಿನ ಮ್ಯಾಲೆ ಕೂತು ಡಬ್ಬಿ ಉಂಡು ಬರ್ತಿದ್ದೆ."

ದಾವಣಗೆರೆಯ ಹತ್ತಿ ಗಿರಣಿಗಳ ಕಥೆ ಕೇಳಿಕೊಂಡೇ ಬೆಳೆದವನು ನಾನು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಅದು, ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಆದರೆ ಆ ಬೆಂಚಿನ ವಿಷಯ ಮೂವತ್ತು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವತ್ತು ನಾವಿಬ್ಬರೂ ಮುಕ್ಕಾಲು ಗಂಟೆ ಮಾತಾಡಿದೆವು. ಅಷ್ಟು ಹೊತ್ತು ಫೋನಿನಲ್ಲಿ ನಾವು ಹಿಂದೆಂದೂ ಮಾತಾಡಿದವರಲ್ಲ. ಆಮೇಲೆ ನನಗೆ ರಾತ್ರಿ ನಿದ್ದೆ ಬರತೊಡಗಿತು.

ನಾಲ್ಕನೆಯದು ತೇಜಸ್ವಿ.

'ಕರ್ವಾಲೊ' (1980) ಗೊತ್ತಿಲ್ಲದ ಕನ್ನಡ ಓದುಗರು ಕಡಿಮೆ. ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ. ನನ್ನನ್ನು ಹಿಡಿದದ್ದು ಓತಿಗಿಂತ ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಅವನು ಹುಟ್ಟು ಪ್ರಕೃತಿ ತಜ್ಞ, ಕಾಡಿನಲ್ಲಿ ಬೇರೆಯವರಿಗೆ ಕಾಣದ್ದನ್ನು ಕಾಣುವವನು. ಮನುಷ್ಯ ಒಬ್ಬನೇ, ಅಳತೆಗೋಲು ಎರಡು.

ಈ ಪುಸ್ತಕದ ಪ್ರಶ್ನೆ: ನಿನ್ನನ್ನು ಅಳೆದ ಕೋಲು ಯಾರದು?

ನನ್ನ ಹೆಸರು ಪಟ್ಟಿಗೆ ಸೇರಿದ್ದು ಆ ವರ್ಷದ ರೇಟಿಂಗ್ ನೋಡಿ ಅಂತ ಎಚ್‌ಆರ್ ಹೇಳಿದ್ದರು. ರೇಟಿಂಗ್ ಅಳೆಯುವುದು ಮುಗಿಸಿದ ಕೆಲಸಗಳ ಸಂಖ್ಯೆಯನ್ನು. ನಾನು ಹೆಚ್ಚು ಹೊತ್ತು ಮಾಡುತ್ತಿದ್ದದ್ದು ಬೇರೆ. ಪೇಮೆಂಟ್ ಸಿಸ್ಟಮ್ಮಿನಲ್ಲಿ ಎರಡು ಕಡೆಯ ಲೆಕ್ಕ ತಾಳೆಯಾಗದಿದ್ದಾಗ, ಸಾವಿರಾರು ಸಾಲಿನ ಲಾಗ್ ಓದಿ ಎಲ್ಲಿ ಎಡವಿದೆ ಅಂತ ಕಂಡುಹಿಡಿಯುವುದು. ಅದಕ್ಕೆ ಯಾವ ಫಾರ್ಮಿನಲ್ಲೂ ಕಾಲಂ ಇರಲಿಲ್ಲ. ಒಂದು ಭಾನುವಾರ ಕೂತು, ಎಂಟು ವರ್ಷದಲ್ಲಿ ಹಾಗೆ ಹಿಡಿದ ಹದಿನಾಲ್ಕು ಘಟನೆಗಳನ್ನು ನೆನಪಿಸಿಕೊಂಡು, ಯಾವ ಕಂಪನಿಯ ಗುಟ್ಟೂ ಹೊರಬೀಳದ ಹಾಗೆ ಬರೆದಿಟ್ಟೆ. ಇಂಟರ್‌ವ್ಯೂಗಳಲ್ಲಿ ನಾನು ಮಾತಾಡಿದ್ದು ಅದನ್ನೇ. ಈಗಿನ ಕೆಲಸ ಸಿಕ್ಕಿದ್ದೂ ಅಂಥದ್ದೇ ತಂಡದಲ್ಲಿ, ಐದನೇ ತಿಂಗಳು. ಪುಸ್ತಕ ಓದಿದ್ದಕ್ಕೆ ಕೆಲಸ ಸಿಕ್ಕಿತು ಅಂತ ಹೇಳಲಾರೆ. ಆ ಸೀನಿಯರ್ ರೆಫರ್ ಮಾಡಿದ್ದಕ್ಕೆ ಸಿಕ್ಕಿತು. ಆದರೆ ಇಂಟರ್‌ವ್ಯೂಗೆ ತಲೆ ತಗ್ಗಿಸಿಕೊಂಡು ಹೋಗಲಿಲ್ಲ, ಅದು ಮಂದಣ್ಣನ ಕೃಪೆ.

ಐದನೆಯದು ಆತ್ಮಕಥೆ.

ಸಿದ್ಧಲಿಂಗಯ್ಯನವರ 'ಊರುಕೇರಿ'. ಮಾಗಡಿ ಹತ್ತಿರದ ಮಂಚನಬೆಲೆಯ ದಲಿತ ಕೇರಿಯಿಂದ ಶುರುವಾಗುವ ಬದುಕು. ಚಿಕ್ಕ ಹುಡುಗ ಹೊಲದಲ್ಲಿ ಒಂದು ದೃಶ್ಯ ನೋಡುತ್ತಾನೆ: ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಮೂರನೆಯವನು ಉಳುತ್ತಿದ್ದಾನೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಇಂಥದ್ದನ್ನು ಬರೆಯುವಾಗಲೂ ಸಿದ್ಧಲಿಂಗಯ್ಯ ಗೋಳಾಡುವುದಿಲ್ಲ. ಪುಸ್ತಕದ ಉದ್ದಕ್ಕೂ ನಗಿಸುತ್ತಾರೆ, ನಗುವಿನ ನಡುವೆಯೇ ಓದುಗನನ್ನು ಹಿಡಿದು ನಿಲ್ಲಿಸುತ್ತಾರೆ.

ಅದು ಕೇಳುವ ಪ್ರಶ್ನೆ: ನೀನು ನಿಂತ ಜಾಗದಿಂದ ಯಾರು ಕಾಣುತ್ತಿಲ್ಲ?

ಐಡಿ ಕಾರ್ಡ್ ಮರಳಿಸಲು ಆಫೀಸಿಗೆ ಹೋದ ದಿನ ಪ್ಯಾಂಟ್ರಿಯಲ್ಲಿ ಚಹಾ ಕೊಡುತ್ತಿದ್ದ ಹುಡುಗ ಸಿಕ್ಕ. ಕಲಬುರಗಿ ಕಡೆಯವನು, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದ. "ಸರ, ನಮ್ಮದೂ ನಾಳಿಗೆ ಕಡೀ ದಿನ" ಅಂದ. ಒಂದು ಮಹಡಿ ಖಾಲಿಯಾಯಿತು, ಆ ಮಹಡಿಯ ಪ್ಯಾಂಟ್ರಿಯೂ ಬೇಡವಾಯಿತು. ಅವನು ಕಾಂಟ್ರಾಕ್ಟ್ ನೌಕರ. ಅವನಿಗೆ ಎರಡು ತಿಂಗಳ ಸಂಬಳ ಇಲ್ಲ, ವಿಡಿಯೊ ಕಾಲ್ ಕೂಡ ಇಲ್ಲ. ಲೇಆಫ್ ಆದವರ ಲೆಕ್ಕದಲ್ಲಿ ಅವನ ಹೆಸರು ಎಲ್ಲೂ ಬರುವುದಿಲ್ಲ. ನಮ್ಮ ಆರು ಜನರ ಗುಂಪಿನಲ್ಲಿ ವಿಷಯ ಹಾಕಿದೆ. ಎಲ್ಲರೂ ಸೇರಿ ಒಬ್ಬ ಪರಿಚಯದವರ ಕ್ಯಾಂಟೀನಿನಲ್ಲಿ ಅವನಿಗೆ ಕೆಲಸ ಕೊಡಿಸಿದೆವು. ನಮ್ಮೆಲ್ಲರಿಗಿಂತ ಮೊದಲು ಕೆಲಸ ಸಿಕ್ಕಿದ್ದು ಅವನಿಗೇ. ನನ್ನ ಕಷ್ಟ ಅದರಿಂದ ಸುಳ್ಳಾಗಲಿಲ್ಲ, ಆದರೆ ಅದರ ನಿಜವಾದ ಅಳತೆ ಗೊತ್ತಾಯಿತು.

ಈಗ ಐದನ್ನೂ ಒಟ್ಟಿಗೆ ನೋಡಿ. ಗಣಿತ ಮಾತ್ರ ಓದಿದ್ದರೆ ದುಡ್ಡು ಉಳಿಸಿಕೊಳ್ಳುತ್ತಿದ್ದೆ, ಅಪ್ಪಾಜಿಗೆ ಫೋನ್ ಹೋಗುತ್ತಿರಲಿಲ್ಲ. ಕಾದಂಬರಿ ಮಾತ್ರ ಓದಿದ್ದರೆ ಮನಸ್ಸು ತಿಳಿಯಾಗುತ್ತಿತ್ತು, ಪಿಎಫ್ ಖಾಲಿಯಾಗುತ್ತಿತ್ತೇನೋ. ಒಂದು ಪುಸ್ತಕದ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೇರೆ ಬೇರೆ ಬಗೆ ಓದಬೇಕು ಅನ್ನುವುದಕ್ಕೆ ನನ್ನ ಹತ್ತಿರ ಇರುವ ಕಾರಣ ಇಷ್ಟೇ.

ಕೊನೆಗೆ ಮೂರು ಸಣ್ಣ ಸಲಹೆ. ಒಂದು, ಪುಸ್ತಕ ಮುಗಿದಾಗ ಸಾರಾಂಶ ಬರೆಯುವ ಬದಲು ಅದು ಕೇಳುವ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಕೊನೆಯ ಪುಟದಲ್ಲಿ ಬರೆದಿಡಿ. ಸಿಗದಿದ್ದರೆ ಚಿಂತೆಯಿಲ್ಲ, ಕೆಲವು ಪುಸ್ತಕ ಖುಷಿಗಾಗಿ. ಎರಡು, ಒಂದೇ ಬಗೆಯ ಮೂರು ಪುಸ್ತಕ ಸಾಲಾಗಿ ಓದಿದ್ದರೆ ನಾಲ್ಕನೆಯದು ಬೇರೆ ಕಪಾಟಿನದಾಗಿರಲಿ. ಮೂರು, ಹತ್ತು ವರ್ಷದ ಹಿಂದೆ ಓದಿದ್ದನ್ನು ಮತ್ತೊಮ್ಮೆ ತೆಗೆಯಿರಿ. ಪುಸ್ತಕ ಅದೇ ಇರುತ್ತದೆ, ಓದುವವರ ವಯಸ್ಸು ಬದಲಾಗಿರುತ್ತದೆ.

ಊರಿನಿಂದ ವಾಪಸ್ ಬರುವಾಗ ನಮ್ಮೆಲ್ಲರ ಬ್ಯಾಗಿನಲ್ಲಿ ಚಟ್ನಿಪುಡಿ, ರೊಟ್ಟಿ, ಉಪ್ಪಿನಕಾಯಿಗೆ ಜಾಗ ಇದ್ದೇ ಇರುತ್ತದೆ. ಮುಂದಿನ ಸಲ ಎರಡು ಪುಸ್ತಕಕ್ಕೂ ಜಾಗ ಬಿಡಿ. ಒಂದು ನಿಮಗೆ ಇಷ್ಟವಾಗುವ ಬಗೆಯದು. ಇನ್ನೊಂದು ನೀವು ಇಲ್ಲಿಯವರೆಗೆ ಯಾವತ್ತೂ ದುಡ್ಡು ಕೊಟ್ಟು ಕೊಂಡಿರದ ಬಗೆಯದು.