ತೈಲಕ್ಕೆ ಪರ್ಯಾಯ: ಯಾರ ನೆಲ, ಯಾರ ನೀರು?



2023ರ ಜೂನ್ ತಿಂಗಳನ್ನು ನೆನಪಿಸಿಕೊಂಡು ಮಾತು ಆರಂಭಿಸುತ್ತೇನೆ. ಅನ್ನಭಾಗ್ಯ ಯೋಜನೆಯಡಿ ತಲೆಗೆ ಇನ್ನೂ ಐದು ಕಿಲೋ ಅಕ್ಕಿ ಕೊಡಲು ಹೊರಟಿದ್ದ ಕರ್ನಾಟಕ ಸರ್ಕಾರ, ಆ ಅಕ್ಕಿಯನ್ನು ಭಾರತೀಯ ಆಹಾರ ನಿಗಮದಿಂದ ಹಣ ತೆತ್ತು ಕೊಳ್ಳಲು ಸಿದ್ಧವಿತ್ತು. ಜೂನ್ 13ರಂದು ಕೇಂದ್ರ ಸರ್ಕಾರವು, ಕೆಲವು ರಾಜ್ಯಗಳನ್ನು ಹೊರತುಪಡಿಸಿ, ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಬೆಲೆಯೇರಿಕೆಯನ್ನು ತಡೆಯಲು ದಾಸ್ತಾನು ಬೇಕೆಂಬುದು ಅದು ಕೊಟ್ಟ ಕಾರಣ. ಅದೇ ದಿನಗಳಲ್ಲಿ ಅದೇ ನಿಗಮದ ಅಕ್ಕಿ ಕ್ವಿಂಟಾಲಿಗೆ 2,000 ರೂಪಾಯಿಯಂತೆ ಎಥನಾಲ್ ತಯಾರಿಸುವ ಡಿಸ್ಟಿಲರಿಗಳಿಗೆ ಹೋಗುತ್ತಿತ್ತು. ಜುಲೈನಲ್ಲಿ ಅದೂ ನಿಂತಿತು. ರಾಜ್ಯವು ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಟ್ಟಿತು. ಮುಂದೆ ಎರಡೂ ಬಾಗಿಲುಗಳು ಮತ್ತೆ ತೆರೆದವು. 2024–25ರ ಎಥನಾಲ್ ವರ್ಷಕ್ಕೆ ಡಿಸ್ಟಿಲರಿಗಳಿಗೆಂದು ಸುಮಾರು 52 ಲಕ್ಷ ಟನ್ ಅಕ್ಕಿಯನ್ನು ನಿಗದಿಪಡಿಸಲಾಯಿತು.

ತೈಲಕ್ಕೆ ಪರ್ಯಾಯ ಬೇಕೇ ಎಂಬುದು ಇಂದಿನ ಪ್ರಶ್ನೆಯಲ್ಲ. ಭಾರತ ತಾನು ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಈ ಅವಲಂಬನೆಯ ಬೆಲೆ ಏನೆಂಬುದನ್ನು 1990ರಲ್ಲಿ ಕುವೈತ್‌ನಿಂದ ಬರಿಗೈಯಲ್ಲಿ ಮರಳಿದ ನಮ್ಮ ಕರಾವಳಿಯ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಗ ಏರಿದ ತೈಲಬೆಲೆಯೇ 1991ರ ವಿದೇಶಿ ವಿನಿಮಯದ ಬಿಕ್ಕಟ್ಟನ್ನು ತೀವ್ರಗೊಳಿಸಿತು. ಪ್ರಶ್ನೆ ಇರುವುದು ಬೇರೆ ಕಡೆ: ಪರ್ಯಾಯವನ್ನು ಯಾರ ನೆಲದಲ್ಲಿ, ಯಾರ ನೀರಿನಿಂದ, ಯಾರನ್ನು ಕೇಳಿ ಕಟ್ಟುತ್ತೇವೆ?

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ವೇಳೆಗೆ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೆರೆಸುವ ಗುರಿ ಇಟ್ಟುಕೊಂಡಿತ್ತು. 2022ರ ತಿದ್ದುಪಡಿ ಆ ಗುರಿಯನ್ನು 2025–26ಕ್ಕೆ ಎಳೆದುಕೊಂಡಿತು. 2025ರಲ್ಲಿ ಗುರಿ ಮುಟ್ಟಿದ್ದೇವೆಂದು ಸರ್ಕಾರ ಪ್ರಕಟಿಸಿತು. ಈ ಸಾಧನೆಯನ್ನು ಲೆಕ್ಕದಲ್ಲಿಟ್ಟು ನೋಡೋಣ. 2023–24ರಲ್ಲಿ ದೇಶ ಬಳಸಿದ ಪೆಟ್ರೋಲಿಯಂ ಉತ್ಪನ್ನ 23 ಕೋಟಿ ಟನ್ನಿಗೂ ಹೆಚ್ಚು. ಅದರಲ್ಲಿ ಡೀಸೆಲ್ ಸುಮಾರು 9 ಕೋಟಿ ಟನ್, ಪೆಟ್ರೋಲ್ 4 ಕೋಟಿ ಟನ್ನಿಗೂ ಕಡಿಮೆ. ಎಥನಾಲ್ ಬೆರೆಯುವುದು ಪೆಟ್ರೋಲಿನಲ್ಲಿ. ಅದರ ಶಕ್ತಿಯೋ ಪೆಟ್ರೋಲಿನ ಮೂರನೆಯ ಎರಡು ಪಾಲು ಮಾತ್ರ. ಆದ್ದರಿಂದ ಶೇ. 20ರ ಮಿಶ್ರಣ ತಗ್ಗಿಸುವುದು ಒಟ್ಟು ತೈಲದ ನೂರರಲ್ಲಿ ಎರಡು ಪಾಲಿನಷ್ಟನ್ನು. ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಡೀಸೆಲ್ ಹಾಗೆಯೇ ಉಳಿಯುತ್ತದೆ.

ಆ ಎರಡು ಪಾಲಿಗೆ ನಾವು ತೆರುವುದೇನು? ನೀತಿ ಆಯೋಗದ 2021ರ ವರದಿಯೇ ಹೇಳುವಂತೆ, ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕು. ಮಂಡ್ಯದ ನಾಲೆಗಳನ್ನೂ ಬೆಳಗಾವಿ, ಬಾಗಲಕೋಟೆಗಳ ಕೊಳವೆಬಾವಿಗಳನ್ನೂ ಬಲ್ಲವರಿಗೆ ಈ ಅಂಕಿಯ ಭಾರ ತಿಳಿಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ, ಡಿಸೆಂಬರಿನಲ್ಲಿ ಕಬ್ಬಿನ ಹಾಲನ್ನು ಎಥನಾಲಿಗೆ ತಿರುಗಿಸುವುದಕ್ಕೆ ಕೇಂದ್ರವೇ ಕಡಿವಾಣ ಹಾಕಬೇಕಾಯಿತು. ಡಿಸ್ಟಿಲರಿಗಳು ಮೆಕ್ಕೆಜೋಳದತ್ತ ತಿರುಗಿದವು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಅದನ್ನು ಆಮದು ಮಾಡಿಕೊಂಡಿತು. ತೈಲದ ಆಮದನ್ನು ತಗ್ಗಿಸಲು ಹೊರಟ ನೀತಿ ಕಾಳಿನ ಆಮದಿಗೆ ದಾರಿ ಮಾಡಿತು.

ಎದುರು ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಥನಾಲಿನ ಹಣ ಬೇಗ ಬರುವುದರಿಂದ ಕಾರ್ಖಾನೆಗಳಿಂದ ಕಬ್ಬು ಬೆಳೆಗಾರರಿಗೆ ಬರಬೇಕಾದ ಬಾಕಿ ಕಡಿಮೆಯಾಗಿದೆ. ಆ ಬಾಕಿಗಾಗಿ ರಸ್ತೆಗಿಳಿದ ರೈತರ ಹೋರಾಟಗಳನ್ನು ಬೆಂಬಲಿಸಿದ ನಾವು ಇದನ್ನು ಮರೆಯಕೂಡದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದ ಎಥನಾಲಿನ ಬಗ್ಗೆ ನನ್ನ ತಕರಾರೂ ಇಲ್ಲ. ನನ್ನ ತಕರಾರು ಉಣ್ಣುವ ಕಾಳನ್ನೂ ಕುಡಿಯುವ ನೀರನ್ನೂ ಇಂಧನವೆಂದು ಲೆಕ್ಕ ಹಾಕುವ ಬಗ್ಗೆ. ಬ್ರೆಜಿಲ್ 1975ರಲ್ಲೇ ಈ ಹಾದಿ ಹಿಡಿಯಿತು. 1980ರ ದಶಕದ ಕೊನೆಗೆ ಸಕ್ಕರೆಯ ಬೆಲೆ ಏರಿದಾಗ ಕಬ್ಬು ಸಕ್ಕರೆಯತ್ತ ಹರಿಯಿತು; ಎಥನಾಲ್ ಕಾರು ಕೊಂಡವರು ಬಂಕುಗಳ ಮುಂದೆ ಕಾಯಬೇಕಾಯಿತು. ಬ್ರೆಜಿಲ್‌ಗಿರುವಷ್ಟು ನೆಲವಾಗಲಿ ನೀರಾಗಲಿ ನಮಗಿಲ್ಲ.

ಹಾಗಾದರೆ ಬಿಸಿಲು? ಒಂದು ಒರಟು ಲೆಕ್ಕ ಮುಂದಿಡುತ್ತೇನೆ. ಎಕರೆಗೆ 40 ಟನ್ ಕಬ್ಬು, ಟನ್ನಿಗೆ 70 ಲೀಟರ್ ಎಥನಾಲ್ ಎಂದು ಹಿಡಿದರೆ, ಎಂಜಿನ್ನಿನಲ್ಲಿ ಮುಕ್ಕಾಲು ಪಾಲು ಶಾಖವಾಗಿ ಕಳೆದು, ಚಕ್ರಕ್ಕೆ ತಲುಪುವುದು ವರ್ಷಕ್ಕೆ ಸುಮಾರು 4,000 ಯೂನಿಟ್. ಪಾವಗಡದ ಸೌರ ಉದ್ಯಾನದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯವಿದೆ. ಅಲ್ಲಿ ಎಕರೆಗೆ ವರ್ಷಕ್ಕೆ ಎರಡು ಲಕ್ಷ ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಸಿಗುತ್ತದೆ. ತಂತಿಯಲ್ಲಿ, ಬ್ಯಾಟರಿಯಲ್ಲಿ ಆಗುವ ನಷ್ಟವನ್ನು ಕಳೆದರೂ ಅದು ಕಬ್ಬಿನ ಮೂವತ್ತು ಪಟ್ಟಿಗಿಂತ ಮಿಗಿಲು. ಅದೂ ಮಳೆ ಕಾಣದ ನೆಲದಲ್ಲಿ.

ಆದರೆ ಪಾವಗಡ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಲ್ಲಿ ಭೂಸ್ವಾಧೀನ ಮಾಡಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಕಾಲಕಾಲಕ್ಕೆ ಏರುವ ಗುತ್ತಿಗೆಗೆ ನೆಲ ಪಡೆದರು. ಒಡೆತನ ರೈತರಲ್ಲೇ ಉಳಿಯಿತು. ಇದು ಮೆಚ್ಚತಕ್ಕದ್ದು. ಆದರೆ ಗುತ್ತಿಗೆಯ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಕಳೆದುಹೋದ ದುಡಿಮೆಯ ಬದಲಿಗೆ ವರ್ಷವರ್ಷ ಬರುವ ಆದಾಯ ಸಿಗಲಿಲ್ಲ. ಇಂಧನ ಬದಲಾದ ಮಾತ್ರಕ್ಕೆ ಊರಿನ ಏಣಿಶ್ರೇಣಿ ಬದಲಾಗುವುದಿಲ್ಲ. ಮೇಲಾಗಿ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನದು. ಬ್ಯಾಟರಿಯ ಕೋಶಗಳಿಗಾಗಿ ನಾವು ಚೀನಾದತ್ತ ನೋಡುತ್ತೇವೆ. ವಿದ್ಯುತ್ ಕಾರು ಕೊಂಡವರ ಆತ್ಮತೃಪ್ತಿಯೂ ಪರ್ಯಾಯವಲ್ಲ.

ನನ್ನ ವಾದ ಇಷ್ಟು. ಪರ್ಯಾಯದ ಚರ್ಚೆ ಟ್ಯಾಂಕಿಗೆ ಏನು ಸುರಿಯಬೇಕೆಂಬುದರಿಂದಲ್ಲ, ಜನ ಮತ್ತು ಸರಕು ಹೇಗೆ ಸಾಗಬೇಕೆಂಬುದರಿಂದ ಆರಂಭವಾಗಬೇಕು. 2023ರ ಜೂನ್ 11ರಂದು, ನಾನು ಮೊದಲು ಹೇಳಿದ ಆದೇಶಕ್ಕೆ ಎರಡು ದಿನ ಮುಂಚೆ, ಕರ್ನಾಟಕದಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣ ಆರಂಭವಾಯಿತು. ಅದನ್ನು ಕಲ್ಯಾಣ ಯೋಜನೆ ಎಂದಷ್ಟೇ ಕಂಡೆವು; ಇಂಧನ ನೀತಿಯಾಗಿಯೂ ಕಾಣಬೇಕಿತ್ತು. ತುಂಬಿದ ಬಸ್ಸು ಹತ್ತಾರು ಸ್ಕೂಟರುಗಳ ಪೆಟ್ರೋಲನ್ನು ಉಳಿಸುತ್ತದೆ. ಆ ಬಸ್ಸು ವಿದ್ಯುತ್ತಿನಿಂದ ಓಡಿದರೆ ಡೀಸೆಲನ್ನೂ ಉಳಿಸುತ್ತದೆ. ಲಾರಿಯ ಸರಕು ವಿದ್ಯುತ್ ರೈಲಿಗೆ ಏರಿದರೆ ಆ ಒಂಬತ್ತು ಕೋಟಿ ಟನ್ನಿಗೆ ಕೈ ಹಾಕಿದಂತಾಗುತ್ತದೆ.

ಹೊರನಾಡಿನಲ್ಲಿರುವ ನಮ್ಮಲ್ಲಿ ಕೆಲವರ ಸಂಬಳ ತೈಲದಿಂದಲೇ ಬರುತ್ತದೆ. ಕೆಲವರಿಗೆ ಊರಲ್ಲಿ ಜಮೀನಿದೆ. ನಾಳೆ ಆ ಜಮೀನಿಗೆ ಸೌರ ಕಂಪನಿಯೋ ಡಿಸ್ಟಿಲರಿಯೋ ಬಂದರೆ ಸಹಿ ಹಾಕುವವರು ನಾವೇ. ಆಗ ಎಕರೆಗೆಷ್ಟು ಎಂದು ಕೇಳುವ ಮೊದಲು, ಈ ನೆಲದಲ್ಲಿ ದುಡಿಯುತ್ತಿದ್ದವರಿಗೆ ಏನು ಎಂದು ಕೇಳೋಣ. ನಮ್ಮ ಪ್ರಗತಿಪರತೆಯ ಪರೀಕ್ಷೆ ನಡೆಯುವುದು ಅಲ್ಲಿ.